ಹೆಚ್ಚು ಈಜಿದ ತಪ್ಪಿಗೆ

ಅಥಣಿ

ಬಿಜಾಪುರದಿಂದ ಮಿರಜಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇದನ್ನು ಪರದೇಶ ಪ್ರವಾಸ ಎಂದು ಕರೆದರೆ ನೀವು ನಗಬಹುದು. ಪಾಸ್‌ಪೋರ್ಟು ಬೇಕಿಲ್ಲ, ಗಡಿಯಲ್ಲಿ ಯಾರೂ ಬಸ್ಸು ತಡೆಯುವುದಿಲ್ಲ. ಅಂಗಡಿ ಬೋರ್ಡುಗಳ ಅಕ್ಷರ ಬದಲಾಗುತ್ತದೆ, ಅಷ್ಟೇ. ಆದರೂ ನನ್ನ ಮಟ್ಟಿಗೆ ಅದು ಪರದೇಶವೇ. ನನ್ನ ಕೈಕಾಲು ಆಡಿಸಲು ಗಂಡನ ಸಹಿ ಬೇಕೆಂದು ಮೊದಲ ಸಲ ನನಗೆ ಹೇಳಿದ್ದು ಅಲ್ಲಿ. ನಮ್ಮೂರಿನವರು ದೊಡ್ಡ ಮನಸ್ಸಿನವರು ಎಂದು ನಾನು ಹೇಳುತ್ತಿಲ್ಲ. ನಮ್ಮೂರಲ್ಲಿ ಇಂಥ ಸ್ಪರ್ಧೆಯೇ ಇರಲಿಲ್ಲ, ಹಾಗಾಗಿ ತಡೆಯುವವರೂ ಇರಲಿಲ್ಲ.

ಮೊಬೈಲು ಆಗಷ್ಟೇ ಉಳ್ಳವರ ಅಂಗಿ ಜೇಬಿಗೆ ಬಂದು ಕುಳಿತಿದ್ದ ಕಾಲ. ನನಗೆ ಮೂವತ್ತೆಂಟು ವರ್ಷ. ವಿಮಾ ಕಚೇರಿಯಲ್ಲಿ ಗುಮಾಸ್ತೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಅಪ್ಪನ ಹೊಲದ ಬಾವಿಯಲ್ಲಿ ಈಜು ಕಲಿತವಳು. ದಿನಾ ಬೆಳಿಗ್ಗೆ ಕೋಟೆಗೋಡೆಯ ಗುಂಟ ಓಡುತ್ತಿದ್ದೆ. ಗೇರಿನ ಸೈಕಲ್ಲೊಂದನ್ನು ಆಸೆಪಟ್ಟು ಕೊಂಡಿದ್ದೆ. ಪಕ್ಕದ ಮೇಜಿನ ಪದ್ಮಾ ಒಂದು ದಿನ ಮರಾಠಿ ಪತ್ರಿಕೆ ತಂದು, "ಶಾಂತಕ್ಕ, ಇದು ನಿಮ್ಮ ಸಲುವಾಗೇ ಇಟ್ಟಂಗೈತ್ರಿ" ಎಂದು ಒಂದು ಸುದ್ದಿ ಓದಿದಳು. ಮಿರಜಿನ ಪಕ್ಕದ ಸಾಂಗ್ಲಿಯಲ್ಲಿ ಟ್ರಯಥ್ಲಾನ್. ಕೃಷ್ಣಾ ನದಿಯಲ್ಲಿ ಏಳುನೂರೈವತ್ತು ಮೀಟರ್ ಈಜು, ಒದ್ದೆ ಮೈಯಲ್ಲೇ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಅದರಿಂದ ಇಳಿದ ಕೂಡಲೇ ಐದು ಕಿಲೋಮೀಟರ್ ಓಟ. ಈ ಆಟದಲ್ಲಿ ಇದು ಸಣ್ಣ ಬಗೆಯಂತೆ. ನನಗೆ ಸಣ್ಣದೆನಿಸಲಿಲ್ಲ. ಆರು ತಿಂಗಳು ಬಾವಿಯಲ್ಲಿ ಗಾಣದೆತ್ತಿನಂತೆ ಸುತ್ತು ಹಾಕಿದೆ.

ಸೈಕಲ್ಲನ್ನು ಬಸ್ಸಿನ ಮೇಲೆ ಹಗ್ಗ ಬಿಗಿದು ಕಟ್ಟಿದ್ದೆ. ಅಥಣಿಯಲ್ಲಿ ಮದುವೆ ದಿಬ್ಬಣವೊಂದು ಹತ್ತಿತು. ಅವರ ಕಬ್ಬಿಣದ ಟ್ರಂಕು ದಡಾರನೆ ನನ್ನ ಸೈಕಲ್ಲಿನ ಮೇಲೆಯೇ ಬಿತ್ತು. ನಾನು ಕಿಟಕಿಯಿಂದ ಕೂಗಿಕೊಂಡರೆ ಕಂಡಕ್ಟರು, "ಏನೂ ಆಗೂದಿಲ್ಲ ಬಿಡ್ರಿ ಅಕ್ಕಾರ. ಸೈಕಲ್ಲ ಐತಿ, ವಿಮಾನ ಏನಲ್ಲ" ಎಂದ.

ಮಿರಜಿನಲ್ಲಿ ಇಳಿಸಿಕೊಂಡಾಗ ಮುಂದಿನ ಗಾಲಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುರುಟಿತ್ತು.

ಮಿರಜ

ನಾನು ಇಳಿದುಕೊಂಡದ್ದು ಪದ್ಮಾಳ ಮಾವಶಿ, ಅಂದರೆ ತಾಯಿಯ ತಂಗಿ, ಸುಮತಿಬಾಯಿಯವರ ಮನೆಯಲ್ಲಿ. ಜೈನರು, ಕಿರಾಣಿ ವ್ಯಾಪಾರ, ಮೂರು ತಲೆಮಾರಿನ ಹಿಂದೆ ಅಥಣಿಯ ಕಡೆಯಿಂದ ಬಂದವರು. ಮಾವಶಿಗೆ ಅರವತ್ತು ದಾಟಿತ್ತು. ಬಸ್‌ಸ್ಟ್ಯಾಂಡಿಗೆ ಬಂದವರೇ ನನ್ನ ಮುಖ ನೋಡದೆ ಗಾಲಿ ನೋಡಿ, "ಅಯ್ಯ ನಮ್ಮವ್ವಾ, ಇದನ್ನ ತುಳಿತೀಯೋ ಹೊತ್ಕೊಂಡ ಓಡ್ತೀಯೋ?" ಎಂದರು. ಅವರೇ ಪರಿಚಯದ ಅಂಗಡಿಗೆ ಕರೆದೊಯ್ದರು. ಅಲ್ಲಿನ ಮಿಸ್ತ್ರಿ ಗಾಲಿ ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡುತ್ತ ಸಡಿಲಿಸುತ್ತ ಎರಡು ಗಂಟೆ ಕುಳಿತು, ಅದನ್ನು ಮತ್ತೆ ದುಂಡಗೆ ಮಾಡಿದ. ಆ ಪ್ರವಾಸದಲ್ಲಿ ಯಾವ ತಕರಾರೂ ಇಲ್ಲದೆ ನಡೆದ ಕೆಲಸ ಅದೊಂದೇ.

ಮಾವಶಿಯ ಮನೆಯಲ್ಲಿ ಕನ್ನಡವನ್ನು ಪೂರ್ತಿಯಾಗಿ ಆಡುವವರು ಅವರೊಬ್ಬರೇ. ಮಗ ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರಿಸುತ್ತಾನೆ. ಮೊಮ್ಮಕ್ಕಳಿಗೆ ಅಜ್ಜಿ ಬೈದರೆ ಮಾತ್ರ ಕನ್ನಡ ತಿಳಿಯುತ್ತದೆ. ಇನ್ನೂ ಬಿಸಿಲಿರುವಾಗಲೇ ಮಾವಶಿ ತಾಟು ಹಾಕಿ, "ಲಗೂನ ಉಣ್ಣು, ಹೊತ್ತ ಮುಣಗತೈತಿ" ಎಂದು ಅವಸರ ಮಾಡಿದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎರಡನೇ ಚಹಾ ಆಗುತ್ತಿರುತ್ತದೆ. ಉಳ್ಳಾಗಡ್ಡಿ ಬಟಾಟಿ ಇಲ್ಲದ ಪಲ್ಯ, ಹೆಸರುಬೇಳೆ, ಬಿಸಿ ರೊಟ್ಟಿ. ಚೆನ್ನಾಗಿಯೇ ಉಂಡೆ.

ರೊಟ್ಟಿ ಬಡಿಸುತ್ತ ಮಾವಶಿ ಕೇಳಿದರು: "ಹೆಣ್ಮಕ್ಕಳು ಎಷ್ಟ ಮಂದಿ ಈಜ್ತೀರಿ?"

"ಗೊತ್ತಿಲ್ಲರಿ ಮಾವಶಿ."

"ನಾನೂ ಬರ್ತೇನಿ ನೋಡಾಕ. ಇಷ್ಟ ವರ್ಷ ಆತು ಈ ನದಿ ದಂಡಿಗಿದ್ದು, ಹೆಣ್ಮಗಳು ಈಜಿದ್ದು ನಾ ನೋಡೇ ಇಲ್ಲ. ಅರಿವಿ ಒಗಿಯೂದಷ್ಟ ನೋಡೇನಿ."

ಸಾಂಗ್ಲಿ

ಅರ್ಜಿಯನ್ನು ಮೊದಲೇ ಅಂಚೆಯಲ್ಲಿ ಕಳಿಸಿದ್ದೆ. ಮರುದಿನ ಹೆಸರು ನೋಂದಣಿ. ಸ್ಪರ್ಧೆ ನಡೆಸುವ ಕ್ಲಬ್ಬಿನ ಕಚೇರಿ ಕನ್ನಡಿ ಗಾಜಿನ ಹೊಸ ಕಟ್ಟಡದಲ್ಲಿತ್ತು. ಕ್ಲಬ್ಬಿನ ಕಾರ್ಯದರ್ಶಿ ಬಿಲ್ಡರ್. ಆ ಕಟ್ಟಡವೂ ಅವರದೇ. ಬಿಳಿ ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಮೊಬೈಲು. ಬಹಳ ಸಭ್ಯರು. ಅವರ ಸಭ್ಯತನವೇ ನನ್ನ ಪಿತ್ತ ಕೆರಳಿಸಿದ್ದು. ಅವರು ಆಡಿದ್ದು ಮರಾಠಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ "ಎಸ್. ಜಿ. ಪಾಟೀಲ" ಎಂಬ ಹೆಸರಿಗೆ ಗುರುತು ಹಾಕಿ, ನನ್ನ ಬೆನ್ನ ಹಿಂದೆ ಕಣ್ಣಾಡಿಸಿ, "ಪಾಟೀಲ ಸಾಹೇಬರು ಎಲ್ಲಿ? ಸೈಕಲ್ ನಿಲ್ಲಿಸುತ್ತಿದ್ದಾರಾ?" ಎಂದರು.

"ನಾನೇ ಎಸ್. ಜಿ. ಪಾಟೀಲ."

ಅವರ ಪೆನ್ನು ನಿಂತಿತು. ಅರ್ಜಿಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವ ಸಾಲೇ ಇರಲಿಲ್ಲ. ಹೆಣ್ಣೊಬ್ಬಳು ಬೇರೆ ಊರಿಂದ ಅರ್ಜಿ ಹಾಕಿಯಾಳು ಎಂದು ಯಾರ ತಲೆಗೂ ಹೋಗಿರಲಿಲ್ಲ. ಅವರು ನಗುತ್ತ ಗುಲಾಬಿ ಬಣ್ಣದ ಟೊಪ್ಪಿಗೆಯೊಂದನ್ನು ಮೇಜಿನ ಮೇಲಿಟ್ಟರು. "ಬಹಳ ಸಂತೋಷ, ತಾಯಿ. ಲೇಡೀಸ್‌ಗೆ ಎಲ್ಲವೂ ಅರ್ಧ. ಅರ್ಧ ಈಜು, ಅರ್ಧ ಸೈಕಲ್ಲು, ಅರ್ಧ ಓಟ." ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ತಾಯಿಯಾದರೂ ಅಕ್ಕನಾದರೂ ನನ್ನ ಪಾಲಿಗೆ ಬಂದದ್ದು ಅರ್ಧ.

"ನಾನು ಪೂರ್ತಿ ದೂರಕ್ಕೆ ಹೆಸರು ಕೊಟ್ಟಿದ್ದೇನೆ. ಅರ್ಧ ಯಾಕೆ?"

"ನಿಮ್ಮ ಸುರಕ್ಷತೆಗೆ. ಹಾಂ, ಇನ್ನೊಂದು. ಇಲ್ಲಿ ನಿಮ್ಮ ಯಜಮಾನರ ಸಹಿ ಬೇಕು."

ಪಕ್ಕದಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು, ಹೊಟ್ಟೆ ಮೇಜಿಗೆ ತಾಗುವಂತೆ ನಿಂತು, ತಮ್ಮ ಅರ್ಜಿಗೆ ತಾವೇ ಸಹಿ ಹಾಕುತ್ತಿದ್ದರು. ಅವರ ಹೆಂಡತಿಯನ್ನು ಯಾರೂ ಕೇಳಲಿಲ್ಲ. ನಾನು ಅದನ್ನು ತೋರಿಸಿ ಹೇಳಿದೆ. ಕಾರ್ಯದರ್ಶಿ ಮತ್ತೆ ನಕ್ಕರು. ನಿಮಗೇನಾದರೂ ಆದರೆ ನಾಳೆ ನಿಮ್ಮ ಮನೆಯವರಿಗೆ ನಾನು ಏನು ಉತ್ತರ ಕೊಡಲಿ ಎಂದರು. ಮೊಬೈಲು ಮುಂದೆ ಹಿಡಿದರು.

ಮನೆಗೆ ಹಚ್ಚಿದೆ. ನನ್ನ ಗಂಡ ಪ್ರಾಥಮಿಕ ಶಾಲೆಯ ಮಾಸ್ತರು. ವಿಷಯ ಹೇಳಿದರೆ ಅತ್ತಲಿಂದ ನಗು. "ನನಗ ಬಾವಿ ಪಾವಟಿಗಿ ಇಳ್ಯಾಕ ಅಂಜಿಕಿ. ನಾ ಏನಂತ ಸಹಿ ಮಾಡ್ಲಿ? ಈಜಾಕಿ ನೀ, ಸಹಿ ನೀನೇ ಮಾಡು."

ಕಾರ್ಯದರ್ಶಿ ಫೋನು ಇಸಿದುಕೊಂಡು ಅವರೊಡನೆ ಹಿಂದಿಯಲ್ಲಿ ಎರಡು ಮಾತಾಡಿದರು. ಆಮೇಲೆ ಅರ್ಜಿಯ ಮೇಲೆ ಬರೆದರು: ಪತಿಯ ಬಾಯಿಮಾತಿನ ಒಪ್ಪಿಗೆ ದೊರೆತಿದೆ.

ನೂರೈವತ್ತು ಕಿಲೋಮೀಟರ್ ಆಚೆ ಕುಳಿತ, ನೀರಿಗೆ ಹೆದರುವ ಮನುಷ್ಯನ ದನಿಗೆ ಇದ್ದ ಬೆಲೆ ಎದುರಿಗೆ ನಿಂತ ನನ್ನ ಸಹಿಗೆ ಇರಲಿಲ್ಲ. ಪೂರ್ತಿ ದೂರದ ಮಾತು ತೆಗೆದರೆ, "ನಾಳೆ ನೋಡೋಣ ತಾಯಿ" ಎಂದು ಮುಂದಿನವರನ್ನು ಕರೆದರು.

ಕೃಷ್ಣೆಯ ಘಾಟು

ಮಾವಶಿ ಹಿಂದಿನ ಸಂಜೆಯೇ ಡಬ್ಬಿಯಲ್ಲಿ ಉಂಡಿ ಕಟ್ಟಿಟ್ಟಿದ್ದರು. "ನಾ ಹೊತ್ತ ಏರಿದ ಮ್ಯಾಲ ತಿಂತೇನಿ. ನೀ ತಿನ್ನು, ನಿನಗ ಬಲ ಬೇಕು" ಎಂದು ಆಟೋದಲ್ಲಿ ತಿನ್ನಿಸಿದರು. ಘಾಟಿನ ಮೇಲಿನ ಮೆಟ್ಟಿಲಲ್ಲಿ ಸೆರಗು ಹೊದ್ದು ಕುಳಿತರು.

ಹೆಂಗಸರು ನಾಲ್ವರು. ಇಬ್ಬರು ಶಾಲೆಯ ಹುಡುಗಿಯರು, ನಾನು, ಮತ್ತೆ ಮಾಲಗಾಂವದ ಅಶ್ವಿನಿ. ಅಶ್ವಿನಿಗೆ ಹತ್ತೊಂಬತ್ತು, ಅಪ್ಪನದು ದ್ರಾಕ್ಷಿ ತೋಟ. ನೀಳ ತೋಳು, ಅಗಲ ಭುಜ. ಅವಳ ಅಜ್ಜಿ ಕನ್ನಡದವಳಂತೆ. ನನ್ನನ್ನು ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹೇಳುವಂತೆ "ಕಾಕು" ಎಂದು ಕರೆದು, "ನನಗ ತಿಳಿತೈತಿ, ಮಾತಾಡಾಕ ಬರೋಬರ ಬರೂದಿಲ್ಲ" ಎಂದಳು.

ನದಿಯಲ್ಲಿ ಎರಡು ಡ್ರಮ್ ತೇಲಿಬಿಟ್ಟಿದ್ದರು. ಎಲ್ಲರೂ ಒಟ್ಟಿಗೇ ಹೊರಟು, ಹರಿವಿಗೆ ಎದುರಾಗಿ ಈಜಿ ಹೋಗಿ, ಡ್ರಮ್ ಸುತ್ತಿ ಘಾಟಿಗೆ ವಾಪಸು ಬರಬೇಕು. ಹತ್ತಿರದ ಹಳದಿ ಡ್ರಮ್ ಹೆಂಗಸರದು, ದೂರದ ಕೆಂಪು ಗಂಡಸರದು. ನಾನು ಕಾರ್ಯದರ್ಶಿಯ ಹತ್ತಿರ ಹೋಗಿ ಮತ್ತೆ ಕೇಳಿದೆ. "ಇಲ್ಲ ತಾಯಿ, ನಿಯಮ ನಿಯಮವೇ" ಎಂದರು. ಪತ್ರಿಕೆಯಲ್ಲಿಲ್ಲದ, ಅರ್ಜಿಯಲ್ಲಿಲ್ಲದ ಆ ನಿಯಮ ನಾನು ಹೆಂಗಸೆಂದು ಗೊತ್ತಾದ ಮೇಲಷ್ಟೇ ನನ್ನೆದುರು ಬಂದಿತ್ತು. ಆರು ತಿಂಗಳ ಬಾವಿಯ ಸುತ್ತು ನೆನಪಾಯಿತು. ಗುಲಾಬಿ ಟೊಪ್ಪಿಗೆ ಹಾಕಿಕೊಂಡು ನೀರಿಗಿಳಿದೆ. ಕೆಂಪು ಡ್ರಮ್ಮಿಗೆ ಹೋಗುವುದೆಂದು ಆಗಲೇ ನಿಶ್ಚಯವಾಗಿತ್ತು.

ಚಳಿಗಾಲದ ನೀರು ತಣ್ಣಗಿತ್ತು. ಊರು ಬೆಳೆದಂತೆ ಅದರ ಗಟಾರದ ವಾಸನೆಯೂ ದಡದ ಗುಂಟ ಬೆಳೆದಿತ್ತು. ನಡು ಹೊಳೆಯಲ್ಲಿ ಮಾತ್ರ ನೀರು ತಿಳಿಯಾಗಿತ್ತು. ಬಾವಿಯಲ್ಲಿ ಹತ್ತು ಕೈ ಹಾಕುವಷ್ಟರಲ್ಲಿ ಕಲ್ಲು ಎದುರಾಗುತ್ತದೆ. ಇಲ್ಲಿ ಎಷ್ಟು ಕೈ ಹಾಕಿದರೂ ಮುಂದೆ ನೀರೇ. ಆ ಸುಖವನ್ನು ನಾನು ಹೇಗೆ ಹೇಳಲಿ! ಹಳದಿ ಡ್ರಮ್ಮಿನ ಬಳಿ ಅಶ್ವಿನಿ ನನಗಿಂತ ಮುಂದಿದ್ದಳು. ಅವಳು ತಿರುಗಿದಳು. ನಾನು ನೇರ ಹೋದೆ.

ಸೀಟಿ ಕೇಳಿಸಿತು. ಮತ್ತೊಮ್ಮೆ ಸೀಟಿ. ಕೆಂಪು ಡ್ರಮ್ ಸುತ್ತಿ ಬರುವಷ್ಟರಲ್ಲಿ ನಾವೆಯೊಂದು ಪಕ್ಕಕ್ಕೆ ಬಂದಿತ್ತು. ಹುಟ್ಟು ಹಾಕುತ್ತಿದ್ದವನು ವಯಸ್ಸಾದ ಅಂಬಿಗ, ಮುಂದೆ ಬಾಗಿದವರು ಕಾರ್ಯದರ್ಶಿ. "ಮೇಲೆ ಬನ್ನಿ ತಾಯಿ" ಎಂದರು. ನಾನು ಈಜುತ್ತಲೇ ಇದ್ದೆ. ಅವರು ಕೈ ಚಾಚಿ ನನ್ನ ರಟ್ಟೆ ಹಿಡಿದು ಎಳೆದರು.

ಈಜುವವರ ಒಂದು ತೋಳು ಹಿಡಿದರೆ ಏನಾಗುತ್ತದೆ ಎಂದು ನೀರು ಬಲ್ಲ ಯಾರನ್ನಾದರೂ ಕೇಳಿ. ನಾನು ಮುಳುಗಿದೆ. ಮೂಗು ಬಾಯಿಯಲ್ಲಿ ನೀರು ನುಗ್ಗಿತು. ಮೊಣಕಾಲು ನಾವೆಯ ತಳಕ್ಕೆ ಬಡಿಯಿತು. ಮೇಲೆ ಬಂದವಳು ಕನ್ನಡದಲ್ಲಿ ಚೀರಿದೆ: "ಬಿಡ್ರಿ ನನ್ನ! ಸಾಯಸ್ತೀರೇನು?"

ಅಂಬಿಗ ಒಮ್ಮೆಲೇ ಹುಟ್ಟು ತಿರುವಿ ನಾವೆಯನ್ನು ಆಚೆ ಸರಿಸಿದ. ಕಾರ್ಯದರ್ಶಿಗೆ ಮರಾಠಿಯಲ್ಲಿ, "ಎಳೆದರೆ ಮುಳುಗುತ್ತಾರೆ ಸಾಹೇಬರೆ, ಬಿಡಿ" ಎಂದ. ನನಗೆ ಕನ್ನಡದಲ್ಲಿ, "ನಾ ಕುಡಚಿ ಕಡಿಯಾಂವ್ರಿ ಅಕ್ಕಾರ. ಅಂಜಬ್ಯಾಡ್ರಿ, ಸಾವಕಾಶ ಹೋಗ್ರಿ. ನಾ ಬಾಜೂಕ ಬರ್ತೇನಿ" ಎಂದ. ಘಾಟಿನ ತನಕ ಒಂದು ಮಾರು ದೂರದಲ್ಲಿ ನಾವೆ ಜೊತೆಗೇ ಬಂತು. ನನ್ನ ಸುರಕ್ಷತೆ ಎಂದರೆ ಅದು. ಅದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಮಿರಜ ರಸ್ತೆ

ಕೆಮ್ಮುತ್ತ ಸೈಕಲ್ ಹತ್ತಿದೆ. ಸಾಂಗ್ಲಿಯಿಂದ ಮಿರಜಿನ ಅಂಚಿನವರೆಗೆ ಹೋಗಿ ವಾಪಸು. ಹೆಂಗಸರು ನಡುವೆ ವಿಶ್ರಾಮಬಾಗದಲ್ಲೇ ತಿರುಗಬೇಕು. ಎರಡು ಊರುಗಳ ನಡುವಿನ ಆ ರಸ್ತೆ ಅಷ್ಟರಲ್ಲಿ ಒಂದೇ ಅಂಗಡಿ ಸಾಲಾಗಿತ್ತು. ಕಾರಿನ ಶೋರೂಮು, ಅಮೃತಶಿಲೆಯ ಅಂಗಡಿ, ಹೊಸ ಫ್ಲ್ಯಾಟುಗಳು. ಪ್ರತಿ ಫಲಕದಲ್ಲೂ ನಗುವ ಹೆಣ್ಣುಗಳು: ಒಬ್ಬಳು ಸ್ಕೂಟರಿನ ಮೇಲೆ, ಒಬ್ಬಳು ಫೋನು ಹಿಡಿದು, ಒಬ್ಬಳು ಜಗತ್ತನ್ನೇ ಗೆಲ್ಲುವವಳಂತೆ ಕೈ ಮೇಲೆತ್ತಿ. ಫಲಕದ ಮೇಲೆ ಹೆಣ್ಣು ಎಲ್ಲಿಗೆ ಬೇಕಾದರೂ ಹೋಗಬಹುದು. ಅದರ ಕೆಳಗಿನ ರಸ್ತೆಯಲ್ಲಿ ಮಾತ್ರ ವಿಶ್ರಾಮಬಾಗದ ತನಕ.

ವಿಶ್ರಾಮಬಾಗದಲ್ಲಿ ಇಬ್ಬರು ಕೆಂಪು ಬಾವುಟ ಅಡ್ಡ ಹಿಡಿದರು. ನಾನು ಬಗ್ಗಿ ದಾಟಿದೆ. ಎದುರಿನಿಂದ ವಾಪಸಾಗುತ್ತಿದ್ದ ಅಶ್ವಿನಿ, "ಕಾಕು, ಇಲ್ಲೇ ತಿರಗೂದ್ರಿ!" ಎಂದು ಕೂಗಿದಳು. ನನ್ನ ಮುಖ ಕಂಡಿತೇನೋ, ಸುಮ್ಮನಾಗಿ ತಿರುತಿರುಗಿ ನೋಡುತ್ತ ಹೋದಳು. ಮೋಟರ್‌ಸೈಕಲ್ಲಿನಲ್ಲಿ ಒಬ್ಬ ನನ್ನ ಬೆನ್ನು ಹತ್ತಿ ಹಿಂದಕ್ಕೆ ಹೋಗಿ ಎಂದು ಒದರುತ್ತಿದ್ದ. ಬಿಜಾಪುರದವಳಾದ ನನಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ. ಆ ಹತ್ತು ನಿಮಿಷ ಮಾತ್ರ ಒಂದಕ್ಷರವೂ ತಿಳಿಯಲಿಲ್ಲ.

ಮಿರಜಿನ ತಿರುವಿನಲ್ಲಿ, ತಿರುವು ಮುಟ್ಟಿದ ಗುರುತಿಗೆ ಬಂದವರ ತೋಳಿಗೆ ಮಸಿಯಿಂದ ಗೆರೆ ಎಳೆಯುತ್ತಿದ್ದ ನಡುವಯಸ್ಸಿನ ಗೃಹಸ್ಥರು ನನ್ನ ಟೊಪ್ಪಿಗೆಯ ಬಣ್ಣ ನೋಡಿ, "ಲೇಡೀಸ್‌ಗೆ ಗೆರೆ ಇಲ್ಲ" ಎಂದರು. ಅವರ ಕೈಯ ಪೆನ್ನು ಕಸಿದು ನಾನೇ ಗೆರೆ ಎಳೆದುಕೊಂಡೆ. ಸಿಟ್ಟಿನಲ್ಲಿ ಗೆರೆ ಮೊಣಕೈ ತನಕ ಬಂತು.

ಮೈದಾನ

ಸೈಕಲ್ಲಿನಿಂದ ಇಳಿದು ಓಡಲು ತೊಡಗಿದಾಗ ಕಾಲುಗಳು ಬೇರೆಯವರಿಂದ ಕಡ ತಂದಂತಿದ್ದವು. ಬಡಿದ ಮೊಣಕಾಲು ಊದಿತ್ತು. ಮೈದಾನದಲ್ಲಿ ಹೆಂಗಸರಿಗೆ ಅರ್ಧದಷ್ಟು ಸುತ್ತು; ನಾನು ಗಂಡಸರಷ್ಟೇ ಓಡಿದೆ. ಕೊನೆಯ ಸುತ್ತಿನಲ್ಲಿ ಅತ್ತೆ. ನೋವಿಗೋ ಸಿಟ್ಟಿಗೋ ನನಗೇ ಗೊತ್ತಾಗಲಿಲ್ಲ. ಗೆರೆ ದಾಟಿದೆ. ಸಮಯ ಬರೆಯುವವರು ಪುಸ್ತಕ ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ನಿಮ್ಮದು ಬರೆಯಬೇಡಿ ಎಂದಿದ್ದಾರೆ."

ಮಾವಶಿ ಆಟೋ ಹಿಡಿದು ಅಲ್ಲಿಗೂ ಬಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಳಿ ಬಂದು ಹೇಳಿದರು: "ಅವ ಬರೀಲಿಲ್ಲಂದ್ರ ಬಿಡು. ನಾ ಎಣಿಸೇನಿ. ನಿನ್ನ ಹಿಂದ ಎಂಟ ಮಂದಿ ಗಂಡಸರು ಬಂದ್ರು. ಇನ್ನೂ ಇಬ್ರು ಬರಾಕತ್ತಾರ, ನೋಡಲ್ಲಿ, ಕುಂಟಕೊಂತ."

ಬಹುಮಾನ ಸಮಾರಂಭ ಶುರುವಾಯಿತು. ಗಂಡಸರಲ್ಲಿ ಮೊದಲು ಬಂದವನಿಗೆ ಗೇರಿನ ಹೊಸ ಸೈಕಲ್ಲು. ಹೆಂಗಸರಲ್ಲಿ ಮೊದಲು ಬಂದ ಅಶ್ವಿನಿಗೆ ಅಡಿಗೆಯ ನಾನ್‌ಸ್ಟಿಕ್ ಪಾತ್ರೆಗಳು, ಬಣ್ಣದ ಡಬ್ಬಿಯಲ್ಲಿ. ಮೈಕಿನಲ್ಲಿ ಎರಡು ಮಾತಾಡು ಎಂದರು. ಅವಳು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು: "ಮುಂದಿನ ವರ್ಷ ನಾವೂ ಕೆಂಪು ಡ್ರಮ್ಮಿನ ತನಕ ಹೋಗಬಹುದಾ?" ಜನ ಮುದ್ದು ಮಗುವಿನ ಮಾತು ಕೇಳಿದಂತೆ ನಕ್ಕು ಚಪ್ಪಾಳೆ ತಟ್ಟಿದರು. ಮೈಕಿನಲ್ಲಿ ಮುಂದಿನ ಹೆಸರು ಕೂಗಿದರು.

ಅವಳು ಡಬ್ಬಿ ಹೊತ್ತು ಕೆಳಗಿಳಿದು ನನ್ನ ಬಳಿ ಬಂದಳು. ನಾನು ಅವಳಿಗೆ ಹೇಳಿದ ಮಾತು ಇಂದಿಗೂ ನನಗೆ ನಾಚಿಕೆ ತರುತ್ತದೆ. "ಚೊಲೋ ಆತು ಬಿಡವಾ. ನಿನ್ನ ಮದವಿಗೆ ಬರ್ತಾವ" ಎಂದೆ. ಅವಳ ಮುಖ ಸಣ್ಣಗಾಯಿತು. ತಪ್ಪು ಮಾಡಿದವರು ವೇದಿಕೆಯ ಮೇಲಿದ್ದರು, ನಾನು ಚುಚ್ಚಿದ್ದು ಕೆಳಗೆ ನಿಂತವಳನ್ನು.

ಕಾರ್ಯದರ್ಶಿಯ ಹತ್ತಿರ ಹೋದೆ. ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿತ್ತು. ಅನರ್ಹ ಎಂದರು.

"ಕಾರಣ?"

"ನಿಯಮ ಮೀರಿದಿರಿ."

"ಏನು ಮೀರಿದೆ ಎಂದು ಬರೆದುಕೊಡಿ."

ಮಾವಶಿ ನಡುವೆ ಬಂದು, ಅವರ ಮೂಗಿನ ಕೆಳಗೆ ಕೈ ಆಡಿಸುತ್ತ ಮರಾಠಿಯಲ್ಲಿ ದಬಾಯಿಸಿದರು. ನಮ್ಮ ಮನೆಗೆ ಬಂದ ಹೆಣ್ಣುಮಗಳನ್ನು ನೀರಿನಲ್ಲಿ ಎಳೆದಾಡಿದ್ದನ್ನು ನಾನು ಮೆಟ್ಟಿಲ ಮೇಲೆ ಕುಳಿತು ನೋಡಿದ್ದೇನೆ, ಬರೆದುಕೊಡದಿದ್ದರೆ ಮೈಕಿನಲ್ಲಿ ಹೇಳುತ್ತೇನೆ ಎಂದರು. ಸಭ್ಯ ಮನುಷ್ಯ ಸುತ್ತ ನೋಡಿ, ಕ್ಲಬ್ಬಿನ ಕಾಗದ ತೆಗೆದು ಬರೆದು, ಮೊಹರು ಒತ್ತಿದರು. ಮಾವಶಿ ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದರು: "ಸದರಿ ಮಹಿಳಾ ಸ್ಪರ್ಧಿ ನೇಮಿಸಿದ್ದಕ್ಕಿಂತ ಹೆಚ್ಚು ಈಜಿ, ಹೆಚ್ಚು ಸೈಕಲ್ ತುಳಿದು, ಹೆಚ್ಚು ಓಡಿದ ಕಾರಣ..." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ನಗುತ್ತಾರೆಂದುಕೊಂಡೆ. ಅವರ ಕಣ್ಣು ತುಂಬಿತ್ತು.

"ಇದನ್ನ ಕಟ್ಟ ಹಾಕ್ಸಿ ಗ್ವಾಡಿಗೆ ಹಾಕು" ಎಂದರು.

ಮತ್ತೆ ನದಿ

ಮರುದಿನ ನಾನು ಬಿಜಾಪುರದ ಬಸ್ಸು ಹಿಡಿಯಬೇಕಿತ್ತು. ಬೆಳಿಗ್ಗೆ ಚೀಲ ಕಟ್ಟುತ್ತಿರುವಾಗ ಮನೆಯ ಮುಂದೆ ಮೊಪೆಡ್ ಬಂದು ನಿಂತಿತು. ಅಶ್ವಿನಿ. ಮನೆ ಯಾವುದೆಂದು ಹಿಂದಿನ ದಿನವೇ ಮಾವಶಿಯಿಂದ ಕೇಳಿಕೊಂಡಿದ್ದಳಂತೆ. ಒಳಗೆ ಬಾ ಎಂದರೆ ಬರಲಿಲ್ಲ. ನನ್ನ ಮಾತಿಗೆ ತಪ್ಪಾಯಿತೆಂದು ಹೇಳಲು ಹೋದರೆ ಕೇಳಿಸಿಕೊಳ್ಳಲಿಲ್ಲ.

"ಕಾಕು, ಕೆಂಪು ಡ್ರಮ್ ಎಲ್ಲಿತ್ತು, ನಿಮಗ ಗೊತ್ತೈತಲ್ಲ? ನನಗ ತೋರಸ್ರಿ."

ಹಿಂದೆ ಕುಳಿತು ಹೊರಟೆ. ಘಾಟಿನಲ್ಲಿ ಬಟ್ಟೆ ಒಗೆಯುವವರು ಇದ್ದರು, ಎಮ್ಮೆ ಮೈ ತೊಳೆಯುವವರಿದ್ದರು. ಡ್ರಮ್‌ಗಳನ್ನು ಕಿತ್ತಿದ್ದರು. ಕೆಂಪು ಡ್ರಮ್ಮಿನ ನೇರಕ್ಕೆ ದಡದಲ್ಲಿ ಬಾಗಿದ ಜಾಲಿಯ ಮರವೊಂದಿದ್ದುದು ನನಗೆ ನೆನಪಿತ್ತು. ಅದನ್ನು ತೋರಿಸಿದೆ. ಮೊಣಕಾಲಿನ ಊತದಿಂದ ನಾನು ಇಳಿಯುವಂತಿರಲಿಲ್ಲ. ದಡದ ಗುಂಟ ಕುಂಟುತ್ತ ಅವಳ ಸಮಕ್ಕೆ ನಡೆದೆ. ಅವಳು ಬಾವಿಯ ಇಕ್ಕಟ್ಟು ಅರಿಯದ ಈಜುಗಾರ್ತಿ. ನೀರು ಅವಳಿಗೆ ದಾರಿ ಬಿಟ್ಟುಕೊಡುತ್ತಿತ್ತು. ಜಾಲಿಯ ಮರದ ನೇರಕ್ಕೆ ಬಂದಾಗ ನಾನು ಕೈ ಎತ್ತಿದೆ. ಅವಳು ತಿರುಗಿದಳು. ನಾನು ಘಾಟಿಗೆ ಮರಳುವುದರೊಳಗೆ ಅವಳು ಬಂದು ಮೆಟ್ಟಿಲ ಮೇಲೆ ನಿಂತಾಗಿತ್ತು. ಏದುಸಿರು ಸಹ ಇರಲಿಲ್ಲ.

ನಾನು ಟವೆಲ್ಲು ಹಿಡಿದು, ಖುಷಿಯಾಯಿತೇ ಎಂದು ಕೇಳಲಿದ್ದೆ. ಅವಳ ಮುಖ ನೋಡಿ ಟವೆಲ್ಲನ್ನಷ್ಟೇ ಚಾಚಿದೆ. ಅಷ್ಟು ಸಿಟ್ಟನ್ನು ಆ ಎರಡು ದಿನಗಳಲ್ಲಿ ನನ್ನ ಮುಖದಲ್ಲೂ ಯಾರೂ ಕಂಡಿರಲಾರರು.

"ಇಷ್ಟ ಏನ್ರಿ?" ಎಂದಳು. "ಕಾಕು, ಇಷ್ಟಕ್ಕ ಅವ್ರು ನನ್ನ ನಿಲ್ಲಿಸಿದ್ರಾ? ಇಷ್ಟಕ್ಕ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಹೊಳೆಯ ಮೇಲ್ಭಾಗಕ್ಕೆ, ಜಾಲಿಯ ಮರದಾಚೆಗೆ ಒಮ್ಮೆ ನೋಡಿ, ತಿರುಗಿ ನೀರಿಗಿಳಿದಳು.